ಅತ್ತಿಗೆ, ಸಂಜೆ ಮಕ್ಕಳಿಗೆ ಏನು ಕೊಡೋದು ಅಂತ ಕೇಳಿದ್ರಲ್ಲ

ಅತ್ತಿಗೆ, ನಿಮ್ಮ ಮೆಸೇಜ್ ಈಗ ನೋಡಿದೆ. ಊರಿನ ಅರಿವು ಕೇಂದ್ರದಲ್ಲಿ, ಅದೇ ನಮ್ಮ ಪಂಚಾಯಿತಿ ಲೈಬ್ರರಿಯಲ್ಲಿ, ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಸೇರಿಸುತ್ತೀರಿ ಅಂತ ಕೇಳಿ ತುಂಬಾ ಖುಷಿಯಾಯಿತು. ತಿನ್ನೋಕೆ ಬಿಸ್ಕತ್ತಿನ ಬಾಕ್ಸ್ ತರಿಸಲಾ, ಒಳ್ಳೆ ಆಹಾರ ಯಾವುದು ಅಂತ ತೋರಿಸೋಕೆ ಗೋಡೆಗೆ ಚಾರ್ಟ್ ಹಾಕಲಾ ಅಂತ ಕೇಳಿದ್ದೀರಿ. ಹೇಳೋದು ಜಾಸ್ತಿ ಇದೆ, ಅದಕ್ಕೇ ವಾಯ್ಸ್. ಗ್ರೂಪಿನಲ್ಲೇ ಹಾಕುತ್ತಿದ್ದೇನೆ, ಚಿಕ್ಕಮ್ಮನೂ ಕೇಳಲಿ.

ಚಾರ್ಟ್ ಆಮೇಲೆ ನೋಡೋಣ. ಬಿಸ್ಕತ್ತು ಮಾತ್ರ ಬೇಡ. 2020ರಲ್ಲಿ ಮಕ್ಕಳ ಓದಿಗಾಗಿ ಸರ್ಕಾರದ 'ಓದುವ ಬೆಳಕು' ಕಾರ್ಯಕ್ರಮ ಶುರುವಾದಾಗಿಂದ ಪಂಚಾಯಿತಿ ಲೈಬ್ರರಿಯಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ, ಅಲ್ವಾ? ಹಾಗಾಗಿ ಕೂಲಿಗೆ ಹೋದ ಅಪ್ಪ ಅಮ್ಮ ಕತ್ತಲಾದ ಮೇಲೆ ಮನೆಗೆ ಬರುವ ಮಕ್ಕಳೂ ನಿಮ್ಮಲ್ಲಿಗೆ ಬರುತ್ತಾರೆ. ಸರ್ಕಾರಿ ಶಾಲೆಯಲ್ಲಿ ಬೆಳಗ್ಗೆ ಹಾಲು, ಮಧ್ಯಾಹ್ನ ಬಿಸಿಯೂಟ, ಜೊತೆಗೆ ಮೊಟ್ಟೆ ಅಥವಾ ಬಾಳೆಹಣ್ಣು ಸಿಕ್ಕಿರುತ್ತದೆ. ಅಲ್ಲಿಂದ ರಾತ್ರಿ ಊಟದ ತನಕ ಏನೂ ಇಲ್ಲ. ನಾಲ್ಕೂವರೆಗೆ ಹೊಟ್ಟೆ ಚುರುಗುಟ್ಟುತ್ತದೆ, ಐದು ರೂಪಾಯಿಯ ಪ್ಯಾಕೆಟ್ ಗೆಲ್ಲೋದು ಆಗಲೇ. ಆ ಹೊತ್ತಿಗೆ ನೀವು ಏನು ಮುಂದಿಡುತ್ತೀರೋ ಅದನ್ನೇ ಮಕ್ಕಳು ಕಲಿಯುತ್ತಾರೆ.

ಮೊದಲ ದಿನ ಕೋಸಂಬರಿ ಮಾಡಿಸಿ. ನೀವು ಮಾಡಿ ಬಡಿಸಬೇಡಿ, ಮಕ್ಕಳ ಕೈಲೇ ಮಾಡಿಸಿ. ಹೆಸರುಬೇಳೆ ಮಧ್ಯಾಹ್ನವೇ ನೆನೆಹಾಕಿಡಿ. ಮೊದಲು ಸೋಪು ಹಾಕಿ ಕೈ ತೊಳೆಸಿ. ಒಬ್ಬರು ಸೌತೆಕಾಯಿ ತೊಳೆಯಲಿ, ಇಬ್ಬರು ಕ್ಯಾರೆಟ್ ತುರಿಯಲಿ, ಚಿಕ್ಕವರು ಕೊತ್ತಂಬರಿ ಸೊಪ್ಪು ಬಿಡಿಸಲಿ. ತುರಿಯುವಾಗಲೇ ಅರ್ಧ ಕ್ಯಾರೆಟ್ ಬಾಯಿಗೆ ಹೋಗುತ್ತದೆ, ಹೋಗಲಿ ಬಿಡಿ. ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ತರಕಾರಿ ಅಂದರೆ ಮುಖ ತಿರುಗಿಸುತ್ತಿದ್ದ ಹುಡುಗ, ತಾನು ತುರಿದ ಕ್ಯಾರೆಟ್ಟನ್ನು ಎಲ್ಲರ ತಟ್ಟೆಗೂ ಹಾಕಿಕೊಟ್ಟು ಆಮೇಲೆ ತಾನೂ ತಿಂದ. ನಾವು ಬಾಯಿಮಾತಲ್ಲಿ ಎಷ್ಟು ಹೇಳಿದ್ದರೂ ಅದು ಆಗುತ್ತಿರಲಿಲ್ಲ.

ನಿಂಬೆಹಣ್ಣು ಮರೆಯಬೇಡಿ. ಬೇಳೆ, ಕಾಳು, ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತೋಕೆ ನಿಂಬೆ, ಸೀಬೆ, ನೆಲ್ಲಿಕಾಯಿ ಬೇಕು. ಟೀ ಇದಕ್ಕೆ ಉಲ್ಟಾ, ಹತ್ತೋಕೆ ಬಿಡೋದಿಲ್ಲ. ತಿಂಡಿ ಜೊತೆ ಮಕ್ಕಳಿಗೆ ಟೀ ಕೊಡಲೇಬೇಡಿ, ಯಾರಾದರೂ ಫ್ಲಾಸ್ಕಿನಲ್ಲಿ ತಂದುಕೊಟ್ಟರೂ ಸರಿ. ಕೇಂದ್ರ ಸರ್ಕಾರದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ನಮ್ಮ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಕ್ಕಳಿಗೆ ರಕ್ತಹೀನತೆ ಅಂತ ಬಂದಿದೆ. ಓದಿದಾಗ ಹೊಟ್ಟೆ ಉರಿಯಿತು ಅತ್ತಿಗೆ. ಅವರ ಅಕ್ಕ ಅಣ್ಣಂದಿರೇ ತಾನೇ ನಿಮ್ಮ ಲೈಬ್ರರಿಗೆ ಬರೋದು.

ಉಳಿದ ದಿನಗಳಿಗೆ ಅಲಸಂದೆ ಅಥವಾ ಕಡಲೆಕಾಳಿನ ಉಸಲಿ, ಬೇಯಿಸಿದ ಕಡಲೆಕಾಯಿ, ರಾಗಿ ಅಂಬಲಿಗೆ ಮಜ್ಜಿಗೆ, ಸೀಬೆ, ಪರಂಗಿ. ಆಯಾ ಕಾಲದಲ್ಲಿ ಅಗ್ಗವಾಗಿ ಸಿಗೋದು ಸಾಕು.

ತಿನ್ನದಿದ್ದರೆ ಬಲವಂತ ಬೇಡ. ಹೊಸ ರುಚಿ ಮಕ್ಕಳಿಗೆ ಒಂದೇ ಸಲಕ್ಕೆ ಹಿಡಿಸೋದಿಲ್ಲ, ಎಂಟು ಹತ್ತು ಸಲವಾದರೂ ಕಣ್ಣಿಗೆ ಬೀಳಬೇಕು, ನಾಲಿಗೆಗೆ ತಾಗಬೇಕು. ಒಂದು ಚಮಚ ಹಾಕಿ, ಬಿಟ್ಟರೆ ಬಿಡಲಿ, ಮುಂದಿನ ವಾರ ಮತ್ತೆ ಹಾಕಿ. 'ಸೊಪ್ಪು ತಿಂದರೆ ಚಾಕ್ಲೇಟ್ ಕೊಡ್ತೀನಿ' ಅನ್ನೋದು ಮಾತ್ರ ಯಾರ ಬಾಯಲ್ಲೂ ಬರಬಾರದು. ಹಾಗಂದರೆ ಸೊಪ್ಪು ಶಿಕ್ಷೆ, ಚಾಕ್ಲೇಟ್ ಬಹುಮಾನ ಅಂತ ನಾವೇ ಹೇಳಿಕೊಟ್ಟ ಹಾಗೆ.

ದೊಡ್ಡ ಮಕ್ಕಳಿಗೆ ಇನ್ನೊಂದು ಕೆಲಸ ಕೊಡಿ. ಖಾಲಿ ಪ್ಯಾಕೆಟ್, ಜ್ಯೂಸ್ ಬಾಟಲಿ ತರಲಿ, ಹಿಂದಿನ ಸಣ್ಣ ಅಕ್ಷರ ಓದಲಿ. ಯಾವುದು ತೂಕದಲ್ಲಿ ಜಾಸ್ತಿಯೋ ಅದನ್ನು ಮೊದಲು ಬರೆಯಬೇಕು ಅಂತ ನಿಯಮ ಇದೆ. ಮೊದಲ ಮೂರರಲ್ಲಿ ಮೈದಾ, ಸಕ್ಕರೆ, ಪಾಮ್ ಎಣ್ಣೆ ಇದೆಯಾ ಅಂತ ಅವರೇ ಹುಡುಕಲಿ. ಬಾಟಲಿ ಮೇಲೆ 100 ಮಿಲಿಗೆ 11 ಗ್ರಾಂ ಸಕ್ಕರೆ ಅಂತಿದ್ದರೆ 250 ಮಿಲಿಗೆ ಎಷ್ಟು? ಲೆಕ್ಕ ಹಾಕಿ, ಸಣ್ಣ ಚಮಚದಲ್ಲಿ ಲೋಟಕ್ಕೆ ಅಳೆದು ಹಾಕಲಿ. ಹತ್ತಿರ ಹತ್ತಿರ ಏಳು ಚಮಚ ಆಗುತ್ತದೆ. ಲೋಟ ನೋಡಿದ ಮೇಲೆ ನೀವು ಬೇರೆ ಏನೂ ಹೇಳಬೇಕಾಗಿಲ್ಲ. ಅಂಗಡಿಯವರನ್ನು ಬೈಯಬೇಡಿ, ಅವರದ್ದೂ ಹೊಟ್ಟೆಪಾಡು. ಬೇಯಿಸಿದ ಕಡಲೆಕಾಯಿ, ಬಾಳೆಹಣ್ಣು ಮುಂದೆ ಕಾಣುವ ಹಾಗೆ ಇಡಿ ಅಂತ ಪ್ರೀತಿಯಿಂದ ಕೇಳಿ.

ಚಿಕ್ಕಮ್ಮ, ನಿಮಗೊಂದು ಕೆಲಸ. ವಾರಕ್ಕೊಂದು ಸಂಜೆ ಹೋಗಿ ಹೊನಗೊನೆ, ದಂಟು, ನುಗ್ಗೆ ಸೊಪ್ಪು ಮಕ್ಕಳ ಕೈಗೆ ಕೊಟ್ಟು ಗುರುತು ಹಿಡಿಯೋದು ಕಲಿಸಿ. ನಿಮ್ಮಷ್ಟು ಸೊಪ್ಪು ಗೊತ್ತಿರುವವರು ನಮ್ಮ ಮನೆಯಲ್ಲಿ ಇನ್ಯಾರೂ ಇಲ್ಲ.

ಅತ್ತಿಗೆ, ಶುರು ಮಾಡೋಕೆ ಮುಂಚೆ ಯಾವ ಮಗುವಿಗೆ ಯಾವುದು ಆಗಿಬರೋದಿಲ್ಲ ಅಂತ ಮನೆಯವರನ್ನು ಕೇಳಿ ಬರೆದಿಟ್ಟುಕೊಳ್ಳಿ, ಕಡಲೆಕಾಯಿ ವಿಷಯ ವಿಶೇಷವಾಗಿ. ಜೊತೆಗೆ ಬರುವ ಪುಟ್ಟ ತಮ್ಮ ತಂಗಿಯರಿಗೆ ಇಡೀ ಕಡಲೆಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕೀತು. ಮೂವತ್ತು ಮಕ್ಕಳಿಗೆ ಮುಕ್ಕಾಲು ಕೆಜಿ ಹೆಸರುಬೇಳೆ ಸಾಕು. ಮೊದಲ ತಿಂಗಳ ಬೇಳೆ, ಕಾಳಿನ ಖರ್ಚು ನನ್ನದು, ಇವತ್ತೇ ಹಣ ಹಾಕುತ್ತೇನೆ.