ಸಂಘದ ಗುಣಾಂಕ ಮೈನಸ್ ಬರ್ತಿದೆ, ಯಾರಾದ್ರೂ ನೋಡಿ

ತುಂಗೆದಡ: ತಲೆ ಕೆಟ್ಟು ಹೋಗಿದೆ. ತೀರ್ಥಹಳ್ಳಿ, ಹೊಸನಗರ ಕಡೆಯ ಅಡಿಕೆ ತೋಟದ ಮನೆಗಳ ಸರ್ವೆ, ಮಕ್ಕಳ ಓದಿಗೆ ವರ್ಷಕ್ಕೆ ಎಷ್ಟು ಖರ್ಚು ಅಂತ. ಮನೆಯ ಹೆಂಗಸರು ಸ್ವಸಹಾಯ ಸಂಘದಲ್ಲಿದ್ದರೆ 1, ಇಲ್ಲದಿದ್ದರೆ 0. ಸರಾಸರಿ ತೆಗೆದರೆ ಸಂಘದ ಮನೆಗಳದ್ದೇ ಜಾಸ್ತಿ, ರಿಗ್ರೆಶನ್‌ನಲ್ಲಿ (ಬೇರೆ ಅಂಶಗಳನ್ನೂ ಸೇರಿಸಿ ಪ್ರತಿಯೊಂದರ ಪಾಲು ನೋಡುವ ಲೆಕ್ಕ) ಮಾತ್ರ ಸಂಘದ ಗುಣಾಂಕ, ಅಂದ್ರೆ ಸಂಘದಲ್ಲಿದ್ದರೆ ಖರ್ಚು ಎಷ್ಟು ಬದಲಾಗುತ್ತೆ ಅನ್ನೋ ಅಂಕಿ, ಮೈನಸ್. ಪಿ ವ್ಯಾಲ್ಯೂ 0.05ಕ್ಕಿಂತ ಕಮ್ಮಿ, ಅಂದ್ರೆ ಬರೀ ಆಕಸ್ಮಿಕ ಅಂತ ತಳ್ಳಿಹಾಕೋ ಹಾಗೂ ಇಲ್ಲ. ಸಂಘ ಸೇರಿದರೆ ಮಕ್ಕಳ ಓದು ಹಾಳು ಅಂತ ಬರೆಯಲಾ? ಅವರ ಜಗಲಿಯಲ್ಲಿ ಕೂತು ಫಾರ್ಮ್ ತುಂಬಿಸಿದವಳು ನಾನು, ಒಪ್ಪೋಕೆ ಆಗ್ತಿಲ್ಲ.

ಸಾಗರದವ: ಮಲ್ಟಿಕೊಲಿನಿಯಾರಿಟಿ, ಅಂದ್ರೆ ವೇರಿಯಬಲ್‌ಗಳು ಒಂದಕ್ಕೊಂದು ಅಂಟಿಕೊಂಡಿವೆ. ಆ ಅಂಟನ್ನು ಅಳೆಯುವ ವಿಐಎಫ್ 10 ದಾಟಿದ್ದನ್ನು ಕಿತ್ತು ಹಾಕಿ.

ತುಂಗೆದಡ: ಸಂಘದ್ದೇ ದಾಟಿದೆ. ಅದನ್ನೇ ಕಿತ್ತರೆ ನನ್ನ ಪ್ರಶ್ನೆಯೇ ಹೋಯ್ತಲ್ಲ?

ಸಾಗರದವ: ಹಾಗಾದ್ರೆ ತೋಟದ ವಿಸ್ತೀರ್ಣ ಕೀಳಿ.

ಗಾಜನೂರು: ಮೊದಲು ಎಸ್‌ಪಿಎಸ್‌ಎಸ್ ಸಾಫ್ಟ್‌ವೇರ್ ಬಿಡಿ. ನನ್ನದೆಲ್ಲ ಆರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ.

ಕೊಪ್ಪದಕ್ಕ: ಯಾವ ಸಾಫ್ಟ್‌ವೇರ್ ಆದ್ರೂ ಗುಣಾಂಕ ಅದೇ ಬರುತ್ತೆ. ಪೂರ್ತಿ ಟೇಬಲ್ ಹಾಕಿ.

ತುಂಗೆದಡ: ಸಂಘ, ತೋಟ ಎಕರೆಯಲ್ಲಿ, ಸಂಘ × ತೋಟ (ಎರಡನ್ನೂ ಗುಣಿಸಿದ್ದು), ತಾಯಿಯ ಓದು, ಮಕ್ಕಳ ಸಂಖ್ಯೆ. ಮೂರನೆಯದು ಪ್ಲಸ್. ಅದನ್ನ ನನ್ನ ಸಂಶೋಧನೆಯ ಗೈಡ್ ಹಾಕು ಅಂದಿದ್ರು, ಅದಕ್ಕೂ ಈ ಮೈನಸ್‌ಗೂ ಏನು ಸಂಬಂಧ?

ಕೊಪ್ಪದಕ್ಕ: ಎಲ್ಲಾ ಇರೋದು ಅದರಲ್ಲೇ. ಗುಣಿಸಿದ ವೇರಿಯಬಲ್ ಇದ್ದಾಗ ಸಂಘದ ಒಂಟಿ ಗುಣಾಂಕ ಎಲ್ಲ ಮನೆಗಳದ್ದಲ್ಲ, ತೋಟ ಸೊನ್ನೆ ಎಕರೆ ಇರುವ ಮನೆಯದ್ದು. ನಿಮ್ಮ ಸರ್ವೆಯಲ್ಲಿ ಅಂಥ ಮನೆಯೇ ಇಲ್ಲ ಅಲ್ವಾ? ಸಂಘಕ್ಕೆ −6, ಗುಣಿಸಿದ್ದಕ್ಕೆ +4 ಅಂದುಕೊಳ್ಳಿ, ಸಾವಿರ ರೂಪಾಯಿ ಲೆಕ್ಕದಲ್ಲಿ. ಒಂದು ಎಕರೆ ಮನೆಗೆ −2, ಒಂದೂವರೆಗೆ ಸೊನ್ನೆ, ಮೂರಕ್ಕೆ +6. ಪ್ರತಿ ಮನೆಯ ತೋಟದಿಂದ ಸರಾಸರಿ ವಿಸ್ತೀರ್ಣ ಕಳೆದು, ಮತ್ತೆ ಗುಣಿಸಿ ರನ್ ಮಾಡಿ. ಆಗ ಸಂಘದ ಗುಣಾಂಕ ಸರಾಸರಿ ತೋಟದ ಮನೆಯದ್ದಾಗುತ್ತೆ. ವಿಐಎಫ್ ಇಳಿಯುತ್ತೆ, ಆರ್ ಸ್ಕ್ವೇರ್ (ಖರ್ಚಿನ ಏರಿಳಿತದಲ್ಲಿ ಮಾಡೆಲ್ ವಿವರಿಸುವ ಪಾಲು) ಮಾತ್ರ ಕದಲಲ್ಲ, ಯಾಕಂದ್ರೆ ಮಾಡೆಲ್ ಅದೇ.

ಸಾಗರದವ: ವಿಐಎಫ್ ಅಂತ ನಾನೂ ಅದನ್ನೇ ಹೇಳಿದ್ದು.

ಕೊಪ್ಪದಕ್ಕ: ನೀವು ತೋಟ ಕೀಳಿ ಅಂದ್ರಿ ಮಾರಾಯ್ರೆ. ತೋಟ ಕಿತ್ತು ಗುಣಿಸಿದ್ದನ್ನು ಉಳಿಸಿದರೆ, ಸಂಘದಲ್ಲಿಲ್ಲದ ಮನೆಗಳಲ್ಲಿ ತೋಟ ದೊಡ್ಡದಾದರೂ ಖರ್ಚು ಬದಲಾಗಲ್ಲ ಅಂತ ನಾವೇ ತೀರ್ಮಾನ ಮಾಡಿದ ಹಾಗೆ.

ತುಂಗೆದಡ: ರನ್ ಮಾಡಿದೆ. ಈಗ ಪ್ಲಸ್, ಆದರೆ ಪಿ 0.05 ದಾಟಿತು. ಸಂಘದಿಂದ ಏನೂ ಇಲ್ಲ ಅಂತಲಾ?

ಕೊಪ್ಪದಕ್ಕ: ಹಾಗಲ್ಲ. ಸರಾಸರಿ ತೋಟದ ಮನೆ ಬಗ್ಗೆ ನಿಮ್ಮ ಡೇಟಾ ಖಚಿತವಾಗಿ ಹೇಳ್ತಿಲ್ಲ, ಅಷ್ಟೇ. ಸಣ್ಣ ತೋಟದಿಂದ ದೊಡ್ಡ ತೋಟದವರೆಗೆ ಸಂಘದ ವ್ಯತ್ಯಾಸ ಎಷ್ಟು ಅಂತ ಗ್ರಾಫ್ ಹಾಕಿ, 95% ಕಾನ್ಫಿಡೆನ್ಸ್ ಇಂಟರ್ವಲ್ (ಅಂದಾಜು ಎಷ್ಟರಿಂದ ಎಷ್ಟರವರೆಗೆ ಇರಬಹುದು ಅನ್ನೋ ವ್ಯಾಪ್ತಿ) ಜೊತೆ. ಮತ್ತೆ 'ಸಂಘದಿಂದ' ಅಂತ ಬರೀಬೇಡಿ. ಸಂಘ ಸೇರುವ ಮನೆಗಳು ಮೊದಲಿಂದಲೇ ಬೇರೆ ಥರ ಇರಬಹುದು.

ಗಾಜನೂರು: ಗ್ರಾಫ್‌ಗೆ ಆರ್ ಕೋಡ್ ಬೇಕಾದ್ರೆ ಕಳಿಸ್ತೀನಿ.

ತುಂಗೆದಡ: ಕಳಿಸಿ. ಒಂದೊಂದು ಊರಿಂದ ಹತ್ತಿಪ್ಪತ್ತು ಮನೆ ತಗೊಂಡಿದೀನಿ, ಅದಕ್ಕೂ ಏನಾದ್ರೂ ಮಾಡಬೇಕಾ?