ಟೆಕ್ಸಾಸ್‌ ಪಕ್ಕದ್ಮನೆಯವನ ಸೋಲಾರು: ನಮ್ಮ ಬ್ಯಾಚ್ ಗುಂಪಲ್ಲಿ ನಡೆದ ಜಗಳ

ಪ್ರಸನ್ನ, ನ್ಯೂಜೆರ್ಸಿ: ಫಾರ್ವರ್ಡ್ ಬಂದಿದ್ದು, ನೋಡ್ರಪ್ಪಾ. ಪ್ಯೂ ರಿಸರ್ಚ್‌ನೋರ 2022ರ ಅಮೆರಿಕ ಸರ್ವೆ. ಹವಾಮಾನ ಬದಲಾವಣೆ ದೇಶಕ್ಕೆ ದೊಡ್ಡ ಅಪಾಯ ಅನ್ನೋರು ಡೆಮಾಕ್ರಾಟ್ಸ್‌ನಲ್ಲಿ ನೂರಕ್ಕೆ 78, ರಿಪಬ್ಲಿಕನ್ಸ್‌ನಲ್ಲಿ ಬರೀ 23!! ರಮೇಶ, ನಿಮ್ಮ ಟೆಕ್ಸಾಸ್‌ನೋರಿಗೆ ಸ್ವಲ್ಪ ಬುದ್ಧಿ ಹೇಳು ಮಾರಾಯ

ರಮೇಶ, ಡಲ್ಲಾಸ್: ಬೆಳಗ್ಗೆ ಬೆಳಗ್ಗೆ ಶುರುವಾಯ್ತಾ ನಿನ್ ಉಪದೇಶ. ಅಮೆರಿಕದಲ್ಲಿ ಗಾಳಿಯಿಂದ ಅತಿ ಹೆಚ್ಚು ಕರೆಂಟ್ ತೆಗೆಯೋ ರಾಜ್ಯ ನಮ್ ಟೆಕ್ಸಾಸು, ಗೊತ್ತಾ? ಅಯೋವಾದಲ್ಲಿ ಅರ್ಧಕ್ಕಿಂತ ಜಾಸ್ತಿ ಕರೆಂಟು ಗಾಳೀದೇ, ಅಲ್ಲಿ ಗೆದ್ದಿರೋದೂ ಟ್ರಂಪೇ. ನನ್ ಪಕ್ಕದ್ಮನೆಯವ್ನು ಪಕ್ಕಾ ಟ್ರಂಪ್ ಪಾರ್ಟಿ, ಕ್ಲೈಮೇಟ್ ಅಂದ್ರೆ ನಗ್ತಾನೆ, ಆದ್ರೆ ಮನೆ ಮೇಲೆಲ್ಲಾ ಸೋಲಾರು, ಗ್ಯಾರೇಜಲ್ಲಿ ಬ್ಯಾಟರಿ. 2021ರ ಫೆಬ್ರವರಿ ಚಳೀಲಿ ಕರೆಂಟ್ ಹೋಗಿ ಮನೆ ಒಳಗೇ ಜಾಕೆಟ್ ಹಾಕ್ಕೊಂಡು ಮಲಗಿದ್ದ, ಅದಾದ್ಮೇಲೆ ಹಾಕ್ಸಿದ್ದು

ಪ್ರಸನ್ನ: ಆ ಕರೆಂಟ್ ಹೋಗಿದ್ದಕ್ಕೂ ಗಾಳಿಯಂತ್ರಾನೇ ಕಾರಣ ಅಂತ ಟೀವೀಲಿ ಕೂತು ಹೇಳಿದ್ದು ನಿಮ್ ಗವರ್ನರ್ರೇ ಅಲ್ವಾ. ಜಾಸ್ತಿ ಕೈಕೊಟ್ಟಿದ್ದು ಗ್ಯಾಸ್ ಕಡೆಯಿಂದ. ಸರ್ಕಾರಿ ಲೆಕ್ಕದಲ್ಲೇ 246 ಜನ ಸತ್ರು

ರಮೇಶ: ಅದು ಒಪ್ತೀನಿ, ತಪ್ಪು ತಪ್ಪೇ. ಆದ್ರೆ ವರ್ಷಾ ವರ್ಷಾ ಮನೆಮಂದಿಯೆಲ್ಲಾ ಬೆಂಗಳೂರಿಗೆ ಹಾರ್ತೀರಲ್ಲ, ಅದ್ಯಾವ್ ಲೆಕ್ಕಕ್ಕೆ? ಡೆಮಾಕ್ರಾಟ್ ಓಟ್ ಹಾಕಿದ್ರೆ ವಿಮಾನ ಹೊಗೆ ಬಿಡಲ್ವಾ

ಮಲ್ಲು, ಹುಬ್ಬಳ್ಳಿ: ಹಾಹಾ ಬಿತ್ತು ನೋಡ್ರಿ! ಲೇ ಪ್ರಸನ್ನ, ನಮ್ಮ ದೇಶದಾಗ ತಲಿಗೆ ವರ್ಷಕ್ಕ ಸುಮಾರು 2 ಟನ್ ಕಾರ್ಬನ್ ಡೈಆಕ್ಸೈಡು, ನಿಮ್ಮಲ್ಲಿ ಹತ್ರ ಹತ್ರ 14. ನೀ ಒಬ್ಬನ ಬಂದು ಹೋದ್ರ ನನ್ನ ಇಡೀ ವರ್ಷದ ಕೋಟಾ ಖಲಾಸ್

ಪ್ರಸನ್ನ: ಅಮ್ಮನ್ನ ನೋಡಕ್ಕೂ ಬರಬಾರ್ದಾ ಹಾಗಾದ್ರೆ?

ಸುಧಾ, ಮೈಸೂರು: ಅಮ್ಮನ್ನ ನೋಡ್ಬೇಡ ಅಂತ ಯಾರೂ ಹೇಳ್ತಿಲ್ಲ ಕಣೋ. ಆದ್ರೆ ನೋಡಿ ನಿಮ್ ಜಗಳ ಎಲ್ಲಿಗ್ ಬಂತು ಅಂತ, ಯಾರು ಒಳ್ಳೆಯವ್ರು ಯಾರು ಕೆಟ್ಟವ್ರು ಅನ್ನೋದಕ್ಕೆ ಬಂತು. ‘ಕಾರ್ಬನ್ ಫುಟ್‌ಪ್ರಿಂಟ್’ ಅನ್ನೋದನ್ನ, ಅಂದ್ರೆ ಒಬ್ಬೊಬ್ಬ ಎಷ್ಟು ಹೊಗೆ ಬಿಡ್ತಾನೆ ಅನ್ನೋ ಲೆಕ್ಕಾನ, 2000ದ ದಶಕದಲ್ಲಿ ಜಾಹೀರಾತು ಕೊಟ್ಟು ಕೊಟ್ಟು ಮನೆಮನೆಗೆ ಮುಟ್ಟಿಸಿದ್ದು ಬಿಪಿ, ಎಣ್ಣೆ ಕಂಪನಿ! ನಿನ್ ಲೆಕ್ಕ ನೀನ್ ಹಾಕ್ಕೋ, ನಮ್ ಲೆಕ್ಕ ಕೇಳ್ಬೇಡ ಅಂತ. ಟೆಕ್ಸಾಸಲ್ಲಿ 2011ರಲ್ಲೂ ಹಿಂಗೇ ಕರೆಂಟ್ ಹೋಗಿತ್ತು, ಪ್ಲಾಂಟುಗಳನ್ನ ಚಳಿಗೆ ರೆಡಿ ಮಾಡ್ಕೊಳ್ಳಿ ಅಂತ ಕೇಂದ್ರದ ರೆಗ್ಯುಲೇಟರ್ರು ಆಗ್ಲೇ ಬರೆದು ಕೊಟ್ಟಿದ್ರು, ರಾಜ್ಯ ಕಡ್ಡಾಯ ಮಾಡ್ಲಿಲ್ಲ, ಹತ್ತು ವರ್ಷ ಆದ್ಮೇಲೆ ಜನ ಸತ್ರು. ಅದ್ರಲ್ಲಿ ಪ್ರಸನ್ನನ ಟಿಕೆಟ್ಟೂ ಇಲ್ಲ, ರಮೇಶನ ಪಕ್ಕದ್ಮನೆಯವ್ನೂ ಇಲ್ಲ

ರಮೇಶ: ಸುಧಾ, ಪಾಯಿಂಟ್ ಸರಿ. ಆದ್ರೆ ಎಲ್ಲಾ ಕಂಪನಿ ಮೇಲೆ ಹಾಕಿದ್ರೆ ನಾವು ಏನೂ ಮಾಡೋದ್ ಬೇಡ್ವಾ

ಸುಧಾ: ಮಾಡು, ಬೇಡ ಅಂದೋರ್ಯಾರು. ಆದ್ರೆ ಇದು ಮೊದಲಿಂದ ಪಾರ್ಟಿ ಜಗಳ ಆಗಿರ್ಲಿಲ್ಲ ಅನ್ನೋದ್ ಮರೀಬೇಡಿ. 1992ರಲ್ಲಿ ರಿಯೋದ ಹವಾಮಾನ ಒಪ್ಪಂದಕ್ಕೆ ಸಹಿ ಹಾಕಿದ್ದು ಆಗಿನ ಅಧ್ಯಕ್ಷ ದೊಡ್ಡ ಬುಷ್, ರಿಪಬ್ಲಿಕನ್. 2008ರಲ್ಲಿ ರಿಪಬ್ಲಿಕನ್ ಲೀಡರ್ ಗಿಂಗ್ರಿಚ್, ಡೆಮಾಕ್ರಾಟ್ ಲೀಡರ್ ಪೆಲೋಸಿ ಒಂದೇ ಸೋಫಾದಲ್ಲಿ ಕೂತು ಕ್ಲೈಮೇಟ್ ಬಗ್ಗೆ ಜಾಹೀರಾತು ಕೊಟ್ರು. 2011 ಬರೋ ಹೊತ್ತಿಗೆ ಅದೇ ಗಿಂಗ್ರಿಚ್, ನಾನು ಮಾಡಿದ ಅತಿ ದಡ್ಡ ಕೆಲಸ ಅದು ಅಂದ. 2015ರಲ್ಲಿ ರಿಪಬ್ಲಿಕನ್ ಸೆನೆಟರ್ ಇನ್‌ಹೋಫ್ ಸೆನೆಟ್ಟಿಗೇ ಭೂಮಿ ಎಲ್ಲಿ ಬಿಸಿಯಾಗ್ತಿದೆ ಅಂತ ಹಿಮದ ಉಂಡೆ ತಂದು ಎಸೆದ. ಅಷ್ಟರೊಳಗೆ ವಿಜ್ಞಾನವೇನೂ ತಿರುಗಾ ಮುರುಗಾ ಆಗಿರ್ಲಿಲ್ಲ

ಮಲ್ಲು: ಇಲ್ಲಿ ಪಿಎಂ ಸೂರ್ಯಘರ್‌ದಾಗ 3 ಕಿಲೋವ್ಯಾಟ್ ಸೋಲಾರಿಗೆ 78,000 ರೂಪಾಯಿ ಸಬ್ಸಿಡಿ ಅದ. ನಮ್ಮ ಓಣ್ಯಾಗ ಕಾಂಗ್ರೆಸ್ಸಿನವ್ರೂ ಹಾಕ್ಸ್ಯಾರ, ಬಿಜೆಪಿಯವ್ರೂ ಹಾಕ್ಸ್ಯಾರ. ಕ್ಲೈಮೇಟ್ ಗೀಮೇಟ್ ಯಾರೂ ಕೇಳಂಗಿಲ್ಲ, ಬಿಲ್ ಎಷ್ಟ್ ಬಂತು ಅಂತಷ್ಟ ಕೇಳ್ತಾರ

ಪ್ರಸನ್ನ: ಹಂಗಾದ್ರೆ ರಮೇಶ, ನಿನ್ ಪಕ್ಕದ್ಮನೆಯವ್ನು ಸೋಲಾರಿಗೆ 30 ಪರ್ಸೆಂಟ್ ಟ್ಯಾಕ್ಸ್ ಕ್ರೆಡಿಟ್ ತಗೊಂಡಿದ್ನಾ ಕೇಳು. ಅದನ್ನ 30ಕ್ಕೆ ಏರ್ಸಿದ 2022ರ ಕಾಯ್ದೆಗೆ ಒಬ್ಬೇ ಒಬ್ಬ ರಿಪಬ್ಲಿಕನ್ ಓಟ್ ಹಾಕ್ಲಿಲ್ಲ

ರಮೇಶ: ಕೇಳಿದೀನಪ್ಪಾ. ತಗೊಂಡಿದಾನೆ, ಪೂರ್ತಿ. 2025ರ ಕೊನೆಗೆ ನಿಮ್ ಟ್ರಂಪೇ ಅದನ್ನ ನಿಲ್ಸಿದ್ರಲ್ಲ ಅಂದೆ. ನನ್ದು ಆಗ್ಲೇ ಬಂದಾಗಿದೆ ಬಿಡು ಅಂದ

ಮಲ್ಲು: ಅಂವಾ ನಮ್ಮ ಓಣ್ಯಾಂವನ ಇರಬೇಕ ನೋಡ 😂

ಪ್ರಸನ್ನ: ಇದ್ರಲ್ಲಿ ನಗೋದೇನಿದ್ಯೋ