ರೇಡಿಯೇಟರಿಗೆ ಬೇರೆ ಬೇರೆ ಫ್ಯಾನ್ ಹಾಕಿದವರು ಯಾರಾದರೂ ಇದ್ದೀರಾ?

ಬಿಜೈಯಿಂದ, ಪ್ರಶ್ನೆ:
ನನ್ನ ಕಂಪ್ಯೂಟರಿಗೆ 240 ಮಿ.ಮೀ. ಲಿಕ್ವಿಡ್ ಕೂಲರ್ ಇದೆ. ಒಳಗಿನ ಬಿಸಿಯನ್ನು ನೀರು ಹೊತ್ತು ತರುತ್ತದೆ, ರೇಡಿಯೇಟರಿನ ಜಾಲರಿಗೆ ಎರಡು ಫ್ಯಾನ್ ಊದಿ ಆ ನೀರನ್ನು ತಣಿಸುತ್ತವೆ. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ಒಂದು ಫ್ಯಾನ್ ಕರಕರ ಅನ್ನಲು ಶುರು ಮಾಡಿತು. ಅದೇ ಫ್ಯಾನ್ ಬಿಡಿಯಾಗಿ ಸಿಗುತ್ತಿಲ್ಲ. ಬೇರೆ ಕಂಪೆನಿಯ 120 ಮಿ.ಮೀ. ಫ್ಯಾನ್ ಮನೆಯಲ್ಲೇ ಬಿದ್ದಿದೆ. ಹಳೆಯದು ನಿಮಿಷಕ್ಕೆ 2000 ಸುತ್ತು, ಇದು 1800. ಒಂದನ್ನೇ ಬದಲಿಸಿದರೆ ಸಾಕಾ, ಹೊಸ ಜೋಡಿಯನ್ನೇ ತೆಗೆದುಕೊಳ್ಳಬೇಕಾ?

ಮಣಿಪಾಲದಿಂದ:
ಧೈರ್ಯವಾಗಿ ಹಾಕಿ ಮಾರಾಯ್ರೇ. ನನ್ನದರಲ್ಲಿ ಒಂದು ನಾಕ್ಟುವಾ ಕಂಪೆನಿಯ ಕಂದುಬಣ್ಣದ 9 ಎಲೆಯದು, ಇನ್ನೊಂದು ಕೂಲರ್ ಜೊತೆ ಬಂದ ಕಪ್ಪು 7 ಎಲೆಯದು. ಎರಡು ವರ್ಷ ಆಯಿತು. ನೋಡಲು ಚಂದ ಇಲ್ಲ, ಅಷ್ಟೇ.

ಪಕ್ಕಪಕ್ಕ ಕೂತ ಫ್ಯಾನುಗಳು ತಮ್ಮ ತಮ್ಮ ಎದುರಿನ ಜಾಲರಿಗೆ ಮಾತ್ರ ಗಾಳಿ ಊದುತ್ತವೆ. ಚೌಕಟ್ಟು ರೇಡಿಯೇಟರಿಗೆ ಅಂಟಿಕೊಂಡಿದ್ದರೆ ಒಂದರ ಗಾಳಿ ಇನ್ನೊಂದರ ಕಡೆ ನುಗ್ಗಲು ದಾರಿಯೇ ಇಲ್ಲ. ರೇಡಿಯೇಟರಿನ ಒಂದು ಅರ್ಧ ಸ್ವಲ್ಪ ಕಮ್ಮಿ ತಣಿಸುತ್ತದೆ. ಆದರೆ ಅದೇ ನೀರು ಸುತ್ತಿ ಸುತ್ತಿ ಬರುತ್ತದಲ್ಲ, ಹೆಚ್ಚೇನೂ ಗೊತ್ತಾಗುವುದಿಲ್ಲ. ಪೆಟ್ಟಿಗೆ ಮೇಲಿನ ಸಿಎಫ್‌ಎಂ ಅಂಕಿ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಅಂತ) ನೋಡಿ ಮರುಳಾಗಬೇಡಿ. ಅದು ಎದುರಿಗೆ ಏನೂ ಅಡ್ಡ ಇಲ್ಲದಾಗಿನ ಲೆಕ್ಕ. ಜಾಲರಿ ದಾಟಿಸಲು ಸ್ಟ್ಯಾಟಿಕ್ ಪ್ರೆಷರ್, ಅಂದರೆ ಅಡ್ಡ ಇದ್ದರೂ ಗಾಳಿಯನ್ನು ತಳ್ಳುವ ಒತ್ತಡ ಬೇಕು.

ನನಗೆ ತಲೆನೋವು ತಂದದ್ದು ಬಿಸಿಯಲ್ಲ, ಸದ್ದು. ರಾತ್ರಿ ಎಲ್ಲ ಮಲಗಿದ ಮೇಲೆ ವೂಂ… ವೂಂ… ಎಂದು ಏರಿ ಇಳಿಯುವ ಸದ್ದು. ಎರಡು ಶ್ರುತಿಪೆಟ್ಟಿಗೆ ಕೂದಲೆಳೆಯಷ್ಟು ತಪ್ಪಿ ಒಟ್ಟಿಗೆ ಕೂಗಿದ ಹಾಗೆ. ಎರಡರ ಸುತ್ತನ್ನೂ ಸಮ ಮಾಡಿ ನೋಡಿದೆ, ಇನ್ನೊಂದು ಬಗೆಯ ಸದ್ದು ಬಂತು. ಆಮೇಲೆ ಹೊಳೆಯಿತು, ಕಿವಿಗೆ ಕೇಳುವುದು ಸುತ್ತಲ್ಲ, ಎಲೆ. 9 ಎಲೆಯದು 1050 ಸುತ್ತು ತಿರುಗಿದರೂ 7 ಎಲೆಯದು 1350 ಸುತ್ತು ತಿರುಗಿದರೂ ನಿಮಿಷಕ್ಕೆ 9450 ಎಲೆ ದಾಟುತ್ತವೆ. ನಾನಿಟ್ಟಿದ್ದ ವೇಗ ಸರಿಯಾಗಿ ಅದರ ಆಸುಪಾಸಿನಲ್ಲೇ ಇತ್ತು! ಒಂದನ್ನು 200 ಸುತ್ತು ಇಳಿಸಿದೆ, ನಿಂತಿತು.

ಇದಕ್ಕೆ ಎರಡೂ ಫ್ಯಾನಿಗೆ ಮದರ್‌ಬೋರ್ಡಿನಲ್ಲಿ ಬೇರೆ ಬೇರೆ ಕನೆಕ್ಷನ್ ಬೇಕು. ಒಂದೇ ಕನೆಕ್ಷನ್ನನ್ನು ಎರಡು ಫ್ಯಾನಿಗೆ ಹಂಚುವ ಸ್ಪ್ಲಿಟರ್ ಹಾಕಿದರೆ ಒಂದೇ ಫ್ಯಾನಿನ ವೇಗ ಕಾಣಿಸುತ್ತದೆ. ಇನ್ನೊಂದು ನಿಂತೇ ಹೋದರೂ ತಿಳಿಯುವುದಿಲ್ಲ.

ಕದ್ರಿಯಿಂದ:
ಮನೆಯಲ್ಲಿರುವ ಫ್ಯಾನಿನ ಪ್ಲಗ್ 3 ಪಿನ್ನಾ, 4 ಪಿನ್ನಾ ನೋಡಿದಿರಾ? 3 ಪಿನ್ನಿನದನ್ನು ಪಿಡಬ್ಲ್ಯುಎಂಗೆ (ನಾಲ್ಕನೇ ಪಿನ್ನಿನ ಸಿಗ್ನಲ್‌ನಿಂದ ವೇಗ ಬದಲಿಸುವ ಬಗೆಗೆ) ಇಟ್ಟರೆ ಯಾವಾಗಲೂ 12 ವೋಲ್ಟ್, ಫುಲ್ ಸ್ಪೀಡ್. ಬಯೋಸ್‌ನಲ್ಲಿ, ಅಂದರೆ ಮದರ್‌ಬೋರ್ಡಿನ ಸೆಟ್ಟಿಂಗ್‌ನಲ್ಲಿ, ಡಿಸಿ ಮಾಡಿ; ಆಗ ವೋಲ್ಟೇಜ್ ಏರಿಳಿಸಿ ವೇಗ ಬದಲಿಸುತ್ತದೆ.

ಸುರತ್ಕಲ್‌ನಿಂದ:
ಪಕ್ಕಪಕ್ಕ ಆದರೆ ಮಣಿಪಾಲದವರು ಹೇಳಿದ್ದು ಸರಿ. ರೇಡಿಯೇಟರಿನ ಆಚೆ ಒಂದು ಈಚೆ ಒಂದು, ಒಂದು ಊದುವುದು ಒಂದು ಎಳೆಯುವುದು ಅಂತ ಸ್ಯಾಂಡ್‌ವಿಚ್ ಮಾಡುವವರು ಹುಷಾರು. ಹಾಸ್ಟೆಲಿನಲ್ಲಿದ್ದಾಗ ಗಟ್ಟಿ ಫ್ಯಾನಿನ ಹಿಂದೆ ಒಂದು ಸಪ್ಪೆ ಫ್ಯಾನ್ ಇಟ್ಟಿದ್ದೆ. ಅದು ಸಹಾಯ ಮಾಡುವುದಿರಲಿ, ಬಾಗಿಲಿಗೆ ಅಡ್ಡ ನಿಂತ ಹಾಗೆ ಆಯಿತು. ತೆಗೆದ ಮೇಲೆ ಒಂದು ಡಿಗ್ರಿ ಇಳಿಯಿತು. ಅಲ್ಲಿ ಜೋಡಿ ಒಂದೇ ಇರಲಿ.

ಉಡುಪಿಯಿಂದ:
ನಾನು ಕಳೆದುಕೊಂಡದ್ದು ಕೂಲರನ್ನೇ. ಹೇಳಲು ನಾಚಿಕೆಯಾಗುತ್ತದೆ. ಒಂದು ಫ್ಯಾನ್ ಮಾಮೂಲಿ 25 ಮಿ.ಮೀ. ದಪ್ಪ, ಇನ್ನೊಂದು 15 ಮಿ.ಮೀ. ಸ್ಲಿಮ್. ಸ್ಕ್ರೂ ಎರಡಕ್ಕೂ 30 ಮಿ.ಮೀ.ಯದೇ ಹಾಕಿದೆ. ದಪ್ಪದ್ದರಲ್ಲಿ 5 ಮಿ.ಮೀ. ಒಳಗೆ ಹೋಗುವ ಸ್ಕ್ರೂ ಸ್ಲಿಮ್‌ನಲ್ಲಿ 15 ಹೋಯಿತು. ಸ್ವಲ್ಪ ಬಿಗಿ ಅನಿಸಿತು, ಇನ್ನೂ ನಾಲ್ಕು ಸುತ್ತು ತಿರುಗಿಸಿದೆ. ಹೋಗಿ ನೀರಿನ ಕೊಳವೆಗೇ ಚುಚ್ಚಿತು. ಗ್ರಾಫಿಕ್ಸ್ ಕಾರ್ಡಿನ ಮೇಲೆ ತಟಪಟ ಹನಿ. ಕಾರ್ಡ್ ಉಳಿದದ್ದು ಪುಣ್ಯ. ದಪ್ಪ ಅಳೆಯದೆ ಸ್ಕ್ರೂಡ್ರೈವರ್ ಮುಟ್ಟಬೇಡಿ.

ಮಲ್ಪೆಯಿಂದ:
ಫ್ಯಾನ್ ತೆಗೆದಾಗ ಜಾಲರಿಯನ್ನೂ ಬ್ರಷ್ ಮಾಡಿ. ನಮ್ಮ ಕಡಲ ಗಾಳಿಗೆ ಧೂಳು ಒದ್ದೆ ಹಿಟ್ಟಿನ ಹಾಗೆ ಅಂಟಿರುತ್ತದೆ.

ಬಿಜೈಯಿಂದ, ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಹಾಕಿದೆ. ಕದ್ರಿಯವರ ಊಹೆ ಸರಿ, 3 ಪಿನ್ನಿನದೇ. ಮೊದಲ ಸಲ ಅದನ್ನು ಉಲ್ಟಾ ಕೂರಿಸಿದ್ದೆ. ಒಂದು ಗಾಳಿ ಹೊರಗೆ ಹಾಕುತ್ತಿತ್ತು, ಇನ್ನೊಂದು ಅದೇ ಬಿಸಿ ಗಾಳಿಯನ್ನು ಒಳಗೆ ಎಳೆಯುತ್ತಿತ್ತು. ಟಿಶ್ಯೂ ಕಾಗದ ಹಿಡಿದು ನೋಡಿದಾಗ ಗೊತ್ತಾಯಿತು. ಜಾಲರಿಯಿಂದ ಒಂದು ಮುಷ್ಟಿ ಧೂಳು ಬಂತು.

ಈ ಸೆಕೆಯಲ್ಲಿ ಸುಮ್ನೆ ಡಿಗ್ರಿ ಹೇಳಿದರೆ ಅರ್ಥವಿಲ್ಲ, ಕೋಣೆಗಿಂತ ತಣ್ಣಗೆ ನೀರು ಆಗಲಾರದು. ಹಾಗಾಗಿ ವ್ಯತ್ಯಾಸ ಹೇಳುತ್ತೇನೆ. ಒಂದು ಗಂಟೆ ಗೇಮ್ ಆಡಿದ ಮೇಲೆ ನೀರು ಕೋಣೆಗಿಂತ 9 ಡಿಗ್ರಿ ಜಾಸ್ತಿ. ಕೂಲರ್ ಹೊಸದಿದ್ದಾಗ 8 ಇತ್ತು. ಒಂದು ಡಿಗ್ರಿಗೋಸ್ಕರ ನಾನಂತೂ ಇನ್ನೊಂದು ಫ್ಯಾನ್ ತೆಗೆದುಕೊಳ್ಳುವುದಿಲ್ಲ.